ಪಿಗ್ಮಿ ಆ್ಯಪ್ ಕಟ್ಟುವ ಮುನ್ನ: ತಂತ್ರಾಂಶದೊಳಗೆ ಕಾನೂನು ಮತ್ತು ನೀತಿ

ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಸಂಸ್ಥೆಯು 1928ರಲ್ಲಿ, ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಮನೆಬಾಗಿಲಿಗೆ ಬಂದು ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಹೋಟೆಲು ಕೆಲಸ ಅರಸಿಕೊಂಡು ಮುಂಬಯಿಗೆ ಬಂದ ಕರಾವಳಿಯವರ ಬೆನ್ನಿಗೇ ಆ ಪದ್ಧತಿಯೂ ಇಲ್ಲಿಗೆ ಬಂತು. ಇಲ್ಲಿನ ಕನ್ನಡಿಗರು ಕಟ್ಟಿ ಬೆಳೆಸಿದ ಪತ್ತಿನ ಸಹಕಾರ ಸಂಘಗಳಲ್ಲಿ, ಅಂದರೆ ಮುಂಬಯಿಯಲ್ಲಿ ಎಲ್ಲರೂ ಪತ್‌ಪೇಢಿ ಎಂದು ಕರೆಯುವ ಸಂಸ್ಥೆಗಳಲ್ಲಿ, ಸಂಜೆಯ ಹೊತ್ತು ಹೋಟೆಲಿನಿಂದ ಹೋಟೆಲಿಗೆ, ಅಂಗಡಿಯಿಂದ ಅಂಗಡಿಗೆ ತಿರುಗಿ ಹಣ ಸಂಗ್ರಹಿಸುವ ಏಜೆಂಟರು ಇಂದಿಗೂ ಇದ್ದಾರೆ. ಅವರ ಕೈಯಲ್ಲಿದ್ದ ಕಾರ್ಡು ಮತ್ತು ರಸೀದಿ ಪುಸ್ತಕದ ಜಾಗಕ್ಕೆ ಈಗ ಮೊಬೈಲ್ ಬರುತ್ತಿದೆ.

ಇಂಥ ಒಂದು ಸಂಘವು ಅಂಧೇರಿಯಲ್ಲೋ ಡೊಂಬಿವಲಿಯಲ್ಲೋ ಇರುವ ಸಣ್ಣ ತಂತ್ರಾಂಶ ಕಂಪನಿಗೆ ಪಿಗ್ಮಿ ಆ್ಯಪ್ ಕಟ್ಟಿಕೊಡಲು ಹೇಳಿದೆ ಎಂದು ಭಾವಿಸಿ ನಮ್ಮ ವಿಷಯವನ್ನು ನೋಡೋಣ. ರೂಢಿಯ ಕ್ರಮ ನಮಗೆಲ್ಲ ಗೊತ್ತಿರುವುದೇ. ಸಂಘದವರಿಗೆ ಏನೇನು ಬೇಕೆಂದು ಕೇಳಿಕೊಳ್ಳುತ್ತಾರೆ, ಸ್ಕ್ರೀನ್‌ಗಳನ್ನು ಬಿಡಿಸಿ ತೋರಿಸುತ್ತಾರೆ, ಕೋಡ್ ಬರೆಯುತ್ತಾರೆ, ಪರೀಕ್ಷೆ ಮಾಡುತ್ತಾರೆ. ಬಿಡುಗಡೆಗೆ ಇನ್ನೊಂದು ವಾರ ಇದೆ ಎನ್ನುವಾಗ ಆಡಿಟರರ ಮುಂದೆ ಇಡುತ್ತಾರೆ. ಆಡಿಟರರು ಕೇಳುವ ಪ್ರಶ್ನೆಗಳು ಕೇಳುವುದಕ್ಕೆ ಬಹಳ ಸರಳ. ಸದಸ್ಯರೊಬ್ಬರು ಖಾತೆ ಮುಚ್ಚಿದ ಮೇಲೆ ಅವರ ಮೊಬೈಲ್ ಸಂಖ್ಯೆ ಎಲ್ಲೆಲ್ಲಿ ಉಳಿದಿರುತ್ತದೆ? ಒಬ್ಬ ಏಜೆಂಟ್ ಇನ್ನೊಬ್ಬ ಏಜೆಂಟನ ಸದಸ್ಯರ ಬಾಕಿಯನ್ನು ನೋಡಬಹುದೆ? ನಿನ್ನೆ ತಿದ್ದಿದ ಜಮೆಯನ್ನು ಯಾರು ತಿದ್ದಿದರು, ತಿದ್ದುವ ಮುನ್ನ ಅಲ್ಲಿ ಎಷ್ಟಿತ್ತು? ಇವುಗಳಿಗೆ ಸ್ಕ್ರೀನ್ ಮೇಲೆ ಒಂದು ಟಿಕ್ ಗುರುತು ಸೇರಿಸಿ ಉತ್ತರಿಸಲು ಬರುವುದಿಲ್ಲ, ಏಕೆಂದರೆ ಉತ್ತರಗಳೆಲ್ಲ, ಮಾಹಿತಿಯನ್ನು ಸಾಲುಸಾಲಾಗಿ ಕೂಡಿಡುವ ಡೇಟಾಬೇಸಿನ ಟೇಬಲ್‌ಗಳ ರಚನೆಯಲ್ಲಿವೆ, ಮತ್ತು ಆ ರಚನೆ ತೀರ್ಮಾನವಾದದ್ದು ಕೆಲಸದ ಮೊದಲ ವಾರದಲ್ಲಿ.

ನಿಯಮಪಾಲನೆಯನ್ನು ಆರಂಭದಿಂದಲೇ ಕಟ್ಟಬೇಕು ಎಂಬ ಮಾತಿಗೆ ನನ್ನ ದೃಷ್ಟಿಯಲ್ಲಿರುವ ಕಾರಣ ಇದೊಂದೇ. ತಡವಾಗಿ ಸಿಕ್ಕ ದೋಷವನ್ನು ಸರಿಪಡಿಸಲು ನೂರು ಪಟ್ಟು ಖರ್ಚು ಬೀಳುತ್ತದೆ ಎಂಬ ಅಂಕಿಯನ್ನು ಈ ಸಂದರ್ಭದಲ್ಲಿ ಬಹಳ ಮಂದಿ ಹೇಳುತ್ತಾರೆ. ಅದರ ಮೂಲ ಅಷ್ಟೇನೂ ಗಟ್ಟಿಯಲ್ಲ, ಅದರ ಅಗತ್ಯವೂ ನಮಗಿಲ್ಲ. ಮುಂಬಯಿಯಲ್ಲಿ ಓಸಿ, ಅಂದರೆ ವಾಸಯೋಗ್ಯ ಪ್ರಮಾಣಪತ್ರ, ಇಲ್ಲದ ಕಟ್ಟಡದಲ್ಲಿ ವರ್ಷಗಟ್ಟಲೆ ಸಂಸಾರ ಮಾಡಿಕೊಂಡಿರುವವರನ್ನು ಕೇಳಿದರೆ ಸಾಕು. ನಕ್ಷೆಯಲ್ಲಿ ಬಿಡಬೇಕಾಗಿದ್ದ ಜಾಗವನ್ನು ಬಿಡದೆ ಕಟ್ಟಿದ ಮೇಲೆ, ಒಳಗೆ ಜನ ವಾಸಕ್ಕೂ ಬಂದ ಮೇಲೆ, ಅದನ್ನು ನಿಯಮಕ್ಕೆ ಹೊಂದಿಸುವುದೆಂದರೆ ಏನೆಂದು ಅವರಿಗೆ ಗೊತ್ತು.

ಮೊದಲ ಕೆಲಸ, ಯಾವ ನಿಯಮ ನಮಗೆ ಅನ್ವಯಿಸುತ್ತದೆ ಎಂದು ತಿಳಿಯುವುದು. ನೋಡಲು ಒಂದೇ ಥರ ಇರುವ ಎರಡು ಸಂಸ್ಥೆಗಳು ಕಾನೂನಿನ ಕಣ್ಣಿಗೆ ಬೇರೆಬೇರೆಯಾಗಿರಬಹುದು. ಮಹಾರಾಷ್ಟ್ರದ ಪತ್‌ಪೇಢಿ 1960ರ ರಾಜ್ಯ ಸಹಕಾರ ಸಂಘಗಳ ಕಾಯ್ದೆಯ ಅಡಿಯಲ್ಲಿ, ಪುಣೆಯಲ್ಲಿ ಕಚೇರಿ ಇರುವ ಸಹಕಾರ ಆಯುಕ್ತರ ವ್ಯಾಪ್ತಿಗೆ ಬರುತ್ತದೆ. ಅದೇ ಸಂಘ ಕರ್ನಾಟಕದಲ್ಲಿಯೂ ಶಾಖೆ ತೆರೆಯಲೆಂದು ಬಹುರಾಜ್ಯ ಸಂಘವಾಗಿ ನೋಂದಣಿಯಾಗಿದ್ದರೆ 2002ರ ಕೇಂದ್ರ ಕಾಯ್ದೆ ಅನ್ವಯಿಸುತ್ತದೆ. ಅದು ನಗರ ಸಹಕಾರಿ ಬ್ಯಾಂಕ್ ಆಗಿದ್ದರೆ ರಿಸರ್ವ್ ಬ್ಯಾಂಕಿನ ಸುತ್ತೋಲೆಗಳು ಒಂದೊಂದೂ ಮುಖ್ಯವಾಗುತ್ತವೆ. ಉದಾಹರಣೆಗೆ, ಆ್ಯಪ್ ಮೂಲಕ ಸಾಲ ಕೊಡುವುದರ ಬಗ್ಗೆ ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರಿನಲ್ಲಿ ಹೊರಡಿಸಿ 2025ರ ಮೇ ತಿಂಗಳಲ್ಲಿ ಹೊಸ ನಿರ್ದೇಶನಗಳಾಗಿ ಪ್ರಕಟಿಸಿದ ನಿಯಮಗಳು, ಸಾಲಗಾರನ ಮೊಬೈಲಿನ ಸಂಪರ್ಕ ಪಟ್ಟಿ, ಕರೆಗಳ ದಾಖಲೆ, ಫೋಟೋ ಮತ್ತು ಕಡತಗಳನ್ನು ಆ್ಯಪ್ ಮುಟ್ಟಲೇಬಾರದೆಂದು ಹೇಳುತ್ತವೆ. ಕ್ಯಾಮೆರಾ, ಮೈಕ್, ಸ್ಥಳದ ಮಾಹಿತಿಯನ್ನು ಗ್ರಾಹಕನನ್ನು ಸೇರಿಸಿಕೊಳ್ಳುವ ಹೊತ್ತಿನಲ್ಲಿ, ಅವನ ಸ್ಪಷ್ಟ ಒಪ್ಪಿಗೆಯೊಂದಿಗೆ ಒಮ್ಮೆ ಬಳಸಬಹುದು. ಪತ್‌ಪೇಢಿಗೆ ಈ ನಿರ್ದೇಶನಗಳು ನೇರವಾಗಿ ಅನ್ವಯಿಸದೆ ಇರಬಹುದು. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬ್ಯಾಂಕು, ಪತ್‌ಪೇಢಿ ಎಂಬ ಭೇದ ಮಾಡುವುದಿಲ್ಲ. ಸೈಬರ್ ಘಟನೆಗಳ ಬಗ್ಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳೂ ಇಬ್ಬರಿಗೂ ಸಲ್ಲುತ್ತವೆ. ರಿಸರ್ವ್ ಬ್ಯಾಂಕ್ ಫೋರ್ಟ್‌ನಲ್ಲಿ, ಷೇರು ಪೇಟೆಯ ನಿಯಂತ್ರಕ ಸೆಬಿ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ ಇರುವ ಊರು ನಮ್ಮದು. ಲೋಕಲ್ ಹಿಡಿದರೆ ಒಂದು ಗಂಟೆಯೊಳಗೆ ತಲುಪಬಹುದಾದ ಈ ಕಚೇರಿಗಳ ಸುತ್ತೋಲೆಗಳನ್ನು ಕೋಡ್ ಬರೆಯುವವರಲ್ಲಿ ಎಷ್ಟು ಮಂದಿ ಮೂಲದಲ್ಲಿ ಓದಿರುತ್ತಾರೆ ಎಂಬ ಪ್ರಶ್ನೆಯನ್ನು ಇಲ್ಲಿ ಕೇಳದಿರುವುದೇ ಲೇಸು.

ಖಾಸಗಿತನವು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಮೊಕದ್ದಮೆಯಲ್ಲಿ. ಆ ತೀರ್ಪಿನ ದಾರಿಯಲ್ಲೇ ಬಂದ 2023ರ ಕಾಯ್ದೆಯು ತಂತ್ರಾಂಶ ಕಟ್ಟುವವರ ಮಟ್ಟಿಗೆ ಕೇಳುವುದು ಮುಖ್ಯವಾಗಿ ಇಷ್ಟು: ಯಾವ ಮಾಹಿತಿಯನ್ನು ಯಾವ ಉದ್ದೇಶಕ್ಕೆ ಪಡೆಯುತ್ತೀರಿ ಎಂದು ಮೊದಲೇ ತಿಳಿಸಿ ಸಮ್ಮತಿ ಪಡೆಯಬೇಕು, ಸಮ್ಮತಿ ಕೊಡುವುದು ಎಷ್ಟು ಸುಲಭವೋ ಹಿಂಪಡೆಯುವುದೂ ಅಷ್ಟೇ ಸುಲಭವಾಗಿರಬೇಕು, ಉದ್ದೇಶ ತೀರಿದ ಮೇಲೆ, ಬೇರೆ ಕಾನೂನು ಇಟ್ಟುಕೊಳ್ಳಲು ಹೇಳದಿದ್ದರೆ, ಅಳಿಸಬೇಕು. ಸೂಕ್ತ ಭದ್ರತೆ ಒದಗಿಸದಿದ್ದರೆ 250 ಕೋಟಿ ರೂಪಾಯಿಯವರೆಗೆ ದಂಡ ವಿಧಿಸಲು ಅವಕಾಶವಿದೆ. ಸಂಘದ ಆಡಳಿತ ಮಂಡಳಿ ಗಮನಿಸಬೇಕಾದ ಒಂದು ಅಂಶವೆಂದರೆ, ಆ್ಯಪನ್ನು ಹೊರಗಿನ ಕಂಪನಿ ಕಟ್ಟಿ ನಡೆಸುತ್ತಿದ್ದರೂ ಕಾಯ್ದೆಯ ಮುಂದೆ ಹೊಣೆ ಹೊರುವುದು ಸಂಘವೇ. 2025ರ ನವೆಂಬರಿನಲ್ಲಿ ಪ್ರಕಟವಾದ ನಿಯಮಾವಳಿಯು ಇಂಥ ಮುಖ್ಯ ಹೊಣೆಗಳನ್ನು ಜಾರಿಗೆ ತರಲು 18 ತಿಂಗಳ ಕಾಲಾವಕಾಶ ಕೊಟ್ಟಿದೆ. ಇಂದು ಕಟ್ಟಲು ಹೊರಟ ಆ್ಯಪಿನ ಆಯುಷ್ಯದಲ್ಲಿ ಅದು ದೊಡ್ಡ ಅವಧಿಯೇನಲ್ಲ.

ಈಗ ಟೇಬಲ್‌ಗಳ ವಿಷಯಕ್ಕೆ ಬರೋಣ. ನಮ್ಮ ಪಿಗ್ಮಿ ಆ್ಯಪನ್ನು ಬರೆಯುವವರಿಗೆ ಸಹಜವಾಗಿ ಹೊಳೆಯುವ ಮೊದಲ ಉಪಾಯ, ಸದಸ್ಯರ ಮೊಬೈಲ್ ಸಂಖ್ಯೆಯನ್ನೇ ಅವರ ಗುರುತು ಸಂಖ್ಯೆಯಾಗಿ ಇಟ್ಟುಕೊಳ್ಳುವುದು. ಹತ್ತು ಅಂಕಿ, ಎಲ್ಲರಿಗೂ ಒಂದೊಂದು ಇದೆ, ಒಟಿಪಿಯೂ ಅದಕ್ಕೇ ಹೋಗುತ್ತದೆ. ಆದರೆ ಆ ತೀರ್ಮಾನದೊಂದಿಗೆ ಮೊಬೈಲ್ ಸಂಖ್ಯೆಯು ಜಮೆಯ ಪ್ರತಿಯೊಂದು ಸಾಲಿನಲ್ಲೂ, ರಸೀದಿಯಲ್ಲೂ, ದೋಷ ದಾಖಲಿಸುವ ಲಾಗ್‌ನಲ್ಲೂ, ರಾತ್ರಿಯ ಬ್ಯಾಕಪ್‌ನಲ್ಲೂ, ಏಜೆಂಟರ ಕಮಿಷನ್ ಲೆಕ್ಕದ ಎಕ್ಸೆಲ್ ಹಾಳೆಯಲ್ಲೂ ಸೇರಿಬಿಡುತ್ತದೆ. ಮುಂದೊಂದು ದಿನ ಸದಸ್ಯರೊಬ್ಬರು ಖಾತೆ ಮುಚ್ಚಿ, ನನ್ನ ವಿವರ ಅಳಿಸಿ ಎಂದು ಬರೆದುಕೊಟ್ಟರೆ, ಸಂಖ್ಯೆಯನ್ನು ಅಳಿಸಿದ ಕೂಡಲೇ ಲೆಕ್ಕದ ಸಾಲುಗಳು ಅನಾಥವಾಗುತ್ತವೆ. ಲೆಕ್ಕ ಉಳಿಸಿಕೊಂಡರೆ ಸಂಖ್ಯೆಯೂ ಉಳಿಯುತ್ತದೆ. ಅದರ ಬದಲು ಅರ್ಥವಿಲ್ಲದ ಒಂದು ಆಂತರಿಕ ಸಂಖ್ಯೆಯನ್ನು ಗುರುತಾಗಿ ಇಟ್ಟುಕೊಂಡು, ಹೆಸರು, ವಿಳಾಸ, ಮೊಬೈಲ್ ಇವನ್ನು ಪ್ರತ್ಯೇಕ ಟೇಬಲ್‌ನಲ್ಲಿ ಗೂಢಲಿಪೀಕರಿಸಿ ಇಟ್ಟಿದ್ದರೆ, ಲೆಕ್ಕವನ್ನು ಅಲುಗಿಸದೆ ವ್ಯಕ್ತಿಯ ವಿವರವನ್ನು ತೆಗೆಯಬಹುದು. ಮೊದಲ ವಾರದಲ್ಲಿ ಇದು ಅರ್ಧ ದಿನದ ಚರ್ಚೆ. ಎರಡು ವರ್ಷ ಬಿಟ್ಟು, ಹತ್ತಾರು ಸಾವಿರ ಖಾತೆಗಳ ನಡುವೆ ಮಾಡಹೊರಟರೆ ಅದೇ ಒಂದು ಪ್ರತ್ಯೇಕ ಯೋಜನೆ.

ಅಳಿಸುವುದಕ್ಕೆ ಎದುರಾಗಿ ಉಳಿಸಿಕೊಳ್ಳುವ ಕರ್ತವ್ಯವೂ ಇದೆ. ಬ್ಯಾಂಕ್ ಆಗಿದ್ದರೆ ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ಪ್ರಕಾರ ಗ್ರಾಹಕರ ಗುರುತಿನ ದಾಖಲೆಗಳನ್ನು ಖಾತೆ ಮುಚ್ಚಿದ ನಂತರವೂ ಐದು ವರ್ಷ ಇಟ್ಟುಕೊಳ್ಳಬೇಕು. ಸರ್ಟ್-ಇನ್ 180 ದಿನಗಳ ಲಾಗ್ ಕೇಳುತ್ತದೆ. ದತ್ತಾಂಶ ಸಂರಕ್ಷಣಾ ನಿಯಮಾವಳಿಯು ಒಂದು ವರ್ಷದ ಲಾಗ್ ಕೇಳುತ್ತದೆ. ಹಾಗಾಗಿ ‘ಅಳಿಸು’ ಎಂಬ ಒಂದೇ ಗುಂಡಿಯಿಂದ ಕೆಲಸ ಮುಗಿಯುವುದಿಲ್ಲ. ಪ್ರತಿಯೊಂದು ಬಗೆಯ ಮಾಹಿತಿಯ ಪಕ್ಕದಲ್ಲಿ ಅದು ಯಾವ ಉದ್ದೇಶಕ್ಕೆ ಬಂತು, ಯಾವ ಕಾನೂನಿನ ಕಾರಣಕ್ಕೆ ಎಲ್ಲಿಯವರೆಗೆ ಉಳಿಯಬೇಕು ಎಂಬ ಎರಡು ವಿವರಗಳನ್ನು ಇಡಬೇಕಾಗುತ್ತದೆ. ಹುಟ್ಟುಹಬ್ಬದ ಶುಭಾಶಯ ಕಳಿಸಲೆಂದು ಪಡೆದ ಜನ್ಮದಿನಾಂಕ ಖಾತೆ ಮುಚ್ಚಿದ ಮರುದಿನವೇ ಹೋಗಬಹುದು. ಕೆವೈಸಿ ದಾಖಲೆಯಾಗಿ, ಅಂದರೆ ಗ್ರಾಹಕರ ಗುರುತು ಖಚಿತಪಡಿಸಲು, ಪಡೆದ ಅದೇ ಜನ್ಮದಿನಾಂಕ ಹೋಗುವಂತಿಲ್ಲ. ಸಮ್ಮತಿಯ ವಿಷಯವೂ ಹೀಗೆಯೇ. ‘ಸಮ್ಮತಿ: ಹೌದು’ ಎಂಬ ಒಂದು ಕಾಲಮ್ ಏನನ್ನೂ ಸಾಬೀತು ಮಾಡುವುದಿಲ್ಲ. ಯಾವ ದಿನ, ಯಾವ ಭಾಷೆಯಲ್ಲಿ, ಸೂಚನೆಯ ಎಷ್ಟನೆಯ ಆವೃತ್ತಿಯನ್ನು ತೋರಿಸಿ, ಯಾವ ಉದ್ದೇಶಕ್ಕೆ ಪಡೆದದ್ದು ಎಂಬ ದಾಖಲೆ ಇರಬೇಕು. ಹಿಂಪಡೆದರೆ ಹಳೆಯ ಸಾಲನ್ನು ತಿದ್ದದೆ ಹೊಸ ಸಾಲು ಸೇರಬೇಕು.

ಭಾಷೆ ಎಂದಾಗ ನಮ್ಮವರು ಗಮನಿಸಬೇಕಾದ ಒಂದು ಸಂಗತಿಯಿದೆ. ಸಮ್ಮತಿ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆಯನ್ನು ಕಾಯ್ದೆಯು ಜನರಿಗೆ ಕೊಟ್ಟಿದೆ. ಕುಂದಾಪುರದಿಂದ ಬಂದು ಘಾಟ್‌ಕೋಪರಿನ ಹೋಟೆಲಿನಲ್ಲಿ ದುಡಿಯುತ್ತಿರುವ ಸದಸ್ಯರಿಗೆ ಕನ್ನಡದಲ್ಲಿಯೂ, ಪಕ್ಕದ ಅಂಗಡಿಯವರಿಗೆ ಮರಾಠಿಯಲ್ಲಿಯೂ ಸೂಚನೆ ಸಿಗಬೇಕೆಂದರೆ, ವಾಕ್ಯಗಳನ್ನು ಕೋಡಿನೊಳಗೆ ಹೆಣೆಯದೆ ಹೊರಗೆ ಇಟ್ಟಿರಬೇಕು. ರಸೀದಿಯ ಎಸ್‌ಎಂಎಸ್ ಇನ್ನೂ ಕಗ್ಗಂಟು. ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ ಮಾಡಿದ 2018ರ ನಿಯಮಾವಳಿಯ ಪ್ರಕಾರ ಸಂಸ್ಥೆಗಳು ಕಳಿಸುವ ಸಂದೇಶದ ಒಕ್ಕಣೆಯನ್ನು ದೂರಸಂಪರ್ಕ ಕಂಪನಿಗಳು ಸಂದೇಶಗಳ ನೋಂದಣಿಗೆಂದು ಇಟ್ಟಿರುವ ಡಿಎಲ್‌ಟಿ ವ್ಯವಸ್ಥೆಯಲ್ಲಿ ಮೊದಲೇ ನೋಂದಾಯಿಸಿರಬೇಕು. ನೋಂದಾಯಿಸಿದ್ದಕ್ಕೆ ಹೊಂದದ ಸಂದೇಶ ತಲುಪುವುದೇ ಇಲ್ಲ. ಇಂಗ್ಲಿಷ್ ಸಂದೇಶದಲ್ಲಿ 160 ಅಕ್ಷರಗಳಿಗೆ ಜಾಗವಿದ್ದರೆ ಕನ್ನಡ ಲಿಪಿಯಲ್ಲಿ 70 ಸಂಕೇತಗಳಿಗಷ್ಟೇ ಜಾಗ, ಒತ್ತಕ್ಷರ ಮತ್ತು ಗುಣಿತದ ಗುರುತುಗಳೂ ಅದರಲ್ಲಿ ಲೆಕ್ಕಕ್ಕೆ ಬರುತ್ತವೆ. ಇದನ್ನು ಬಿಡುಗಡೆಯ ಹಿಂದಿನ ದಿನ ಕಂಡುಕೊಂಡ ತಂಡ ಸಾಮಾನ್ಯವಾಗಿ ಕನ್ನಡವನ್ನೇ ಕೈಬಿಡುತ್ತದೆ.

ದತ್ತಾಂಶ ಎಲ್ಲಿ ಕೂರಬೇಕು ಎಂಬುದು ಸಹ ನಕ್ಷೆಯ ಪ್ರಶ್ನೆಯೇ ಎಂಬುದನ್ನು ದೊಡ್ಡ ಕಂಪನಿಗಳು ದುಬಾರಿ ಬೆಲೆ ತೆತ್ತು ಕಲಿತಿವೆ. ಪಾವತಿ ವ್ಯವಸ್ಥೆಗಳ ದತ್ತಾಂಶವೆಲ್ಲ ಭಾರತದಲ್ಲಿಯೇ ಇರಬೇಕೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್ 6ರಂದು ಆದೇಶಿಸಿ ಆರು ತಿಂಗಳ ಗಡುವು ಕೊಟ್ಟಿತು. ಇದನ್ನು ಪಾಲಿಸಿಲ್ಲ ಎಂಬ ಕಾರಣಕ್ಕೆ 2021ರ ಜುಲೈ 22ರಿಂದ ಮಾಸ್ಟರ್‌ಕಾರ್ಡ್ ಭಾರತದಲ್ಲಿ ಹೊಸ ಗ್ರಾಹಕರನ್ನು ಸೇರಿಸಿಕೊಳ್ಳದಂತೆ ತಡೆಯಿತು. ನಿರ್ಬಂಧ ತೆರವಾಗಲು 2022ರ ಜೂನ್ ಬರಬೇಕಾಯಿತು. ಹಣಕ್ಕೂ ಎಂಜಿನಿಯರುಗಳಿಗೂ ಕೊರತೆಯಿಲ್ಲದ ಕಂಪನಿಯ ಕಥೆ ಇದು. ಸಣ್ಣ ತಂಡದಲ್ಲಿ ಸೋರಿಕೆ ಬೇರೆ ಕಡೆ ಇರುತ್ತದೆ. ಸರ್ವರ್ ಮುಂಬಯಿಯಲ್ಲೇ ಇರುತ್ತದೆ, ಆದರೆ ಆ್ಯಪ್ ಕುಸಿದಾಗ ವರದಿ ಕಳಿಸುವ ಉಚಿತ ಉಪಕರಣ, ಬಳಕೆಯನ್ನು ಅಳೆಯುವ ಇನ್ನೊಂದು ಉಪಕರಣ, ಇವು ಸದಸ್ಯರ ಹೆಸರು ಮತ್ತು ಮೊತ್ತವನ್ನೂ ಹೊತ್ತು ಬೇರೆ ದೇಶಕ್ಕೆ ಹೋಗುತ್ತಿರುತ್ತವೆ. ಯಾರೂ ಹಾಗೆ ತೀರ್ಮಾನಿಸಿರುವುದಿಲ್ಲ. ಉಪಕರಣವನ್ನು ಸೇರಿಸುವಾಗ ಅದು ಏನು ಕಳಿಸುತ್ತದೆ ಎಂದು ಯಾರೂ ನೋಡಿರುವುದಿಲ್ಲ, ಅಷ್ಟೇ.

ಇದನ್ನೆಲ್ಲ ದಿನದ ಕೆಲಸದಲ್ಲಿ ಸೇರಿಸುವುದು ಹೇಗೆ? ಕಾನೂನಿನ ವಾಕ್ಯವನ್ನು ಪರೀಕ್ಷಿಸಬಹುದಾದ ವಾಕ್ಯವನ್ನಾಗಿ ಮಾಡುವುದೇ ಇಲ್ಲಿನ ಮುಖ್ಯ ಕಸುಬು. ‘ಸೂಕ್ತ ಭದ್ರತಾ ಕ್ರಮ ಕೈಗೊಳ್ಳತಕ್ಕದ್ದು’ ಎಂಬ ಮಾತನ್ನು ಪ್ರೋಗ್ರಾಮರ್ ಕೈಗೆ ಹಾಗೆಯೇ ಕೊಟ್ಟರೆ ಅವರು ಏನೂ ಮಾಡಲಾರರು. ‘ಏಜೆಂಟ್ ತನ್ನ ಪಟ್ಟಿಯಲ್ಲಿಲ್ಲದ ಸದಸ್ಯರ ಸಂಖ್ಯೆಯನ್ನು ಕೊಟ್ಟು ಬಾಕಿ ಕೇಳಿದರೆ ಸರ್ವರ್ ನಿರಾಕರಿಸಬೇಕು, ಆ ಪ್ರಯತ್ನ ದಾಖಲಾಗಬೇಕು’ ಎಂದರೆ ಅದು ಕೆಲಸ. ಅದಕ್ಕೊಂದು ಸ್ವಯಂಚಾಲಿತ ಪರೀಕ್ಷೆ ಬರೆಯಬಹುದು, ಪ್ರತಿ ಬಾರಿ ಕೋಡ್ ಬದಲಾದಾಗಲೂ ಅದು ತಾನಾಗಿ ಓಡುತ್ತದೆ, ಸೋತರೆ ಬಿಡುಗಡೆ ನಿಲ್ಲುತ್ತದೆ. ಆಡಿಟರರು ವರ್ಷಕ್ಕೊಮ್ಮೆ ನೋಡುವುದನ್ನು ಈ ಪರೀಕ್ಷೆ ದಿನಕ್ಕೆ ಹತ್ತು ಬಾರಿ ನೋಡುತ್ತದೆ. ಜಮೆ ತಿದ್ದುವವರು ಒಬ್ಬರು, ಒಪ್ಪುವವರು ಇನ್ನೊಬ್ಬರು ಇರಬೇಕೆಂಬ ಬ್ಯಾಂಕುಗಳ ಹಳೆಯ ಪದ್ಧತಿಯನ್ನೂ ಹೀಗೆಯೇ ಕೋಡಿಗೆ ಇಳಿಸಬಹುದು. ಏಜೆಂಟನ ಫೋನ್ ವಿರಾರ್ ಲೋಕಲ್ಲಿನಲ್ಲಿ ಕಳುವಾಗುತ್ತದೆ ಎಂಬುದನ್ನು ಅಪರೂಪದ ಅಪಘಾತವೆಂದು ಬಗೆಯದೆ, ನೆಟ್‌ವರ್ಕ್ ಇಲ್ಲದಾಗ ಫೋನಿನಲ್ಲಿ ಉಳಿಯುವ ರಸೀದಿಗಳು ಗೂಢಲಿಪಿಯಲ್ಲಿರಬೇಕು, ಸರ್ವರ್ ತಲುಪಿದೊಡನೆ ಫೋನಿನಿಂದ ಅಳಿಯಬೇಕು ಎಂದು ಮೊದಲೇ ಬರೆದಿಡಬೇಕು. ನಿಜವಾದ ಸದಸ್ಯರ ಪಟ್ಟಿಯನ್ನು ಪರೀಕ್ಷೆಗಾಗಿ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುವ ಅಭ್ಯಾಸವನ್ನು ಮೊದಲ ದಿನವೇ ನಿಲ್ಲಿಸಿ, ಕಲ್ಪಿತ ಹೆಸರುಗಳ ಪಟ್ಟಿಯೊಂದನ್ನು ಮಾಡಿಕೊಳ್ಳುವುದು ಖರ್ಚಿಲ್ಲದ ಕೆಲಸ.

ಇಷ್ಟು ಮಾಡಿದರೂ ಕಾನೂನು ಮೌನವಾಗಿರುವ ಜಾಗಗಳು ಉಳಿಯುತ್ತವೆ. ನೀತಿಯ ಪ್ರಶ್ನೆ ಏಳುವುದು ಅಲ್ಲಿ. ಏಜೆಂಟನ ಫೋನಿನ ಮೂಲಕ ಅವನು ಎಲ್ಲಿದ್ದಾನೆಂದು ದಿನವಿಡೀ ನೋಡುತ್ತಿರಬಹುದೆ? ಪಿಗ್ಮಿ ಸಂಗ್ರಾಹಕರು ಆಗ ಜಾರಿಯಲ್ಲಿದ್ದ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಸಂಗ್ರಾಹಕರಿಗೆ ಸಂಬಂಧಿಸಿದ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. 2023ರ ಕಾಯ್ದೆಯೋ ಉದ್ಯೋಗದ ಉದ್ದೇಶಕ್ಕೆ, ಮಾಲೀಕರನ್ನು ನಷ್ಟದಿಂದ ಕಾಪಾಡುವ ಉದ್ದೇಶಕ್ಕೆ, ಕೆಲಸಗಾರರ ದತ್ತಾಂಶವನ್ನು ಸಮ್ಮತಿ ಇಲ್ಲದೆಯೂ ಬಳಸಲು ದಾರಿ ಬಿಟ್ಟಿದೆ. ಅಂದರೆ ಕಾನೂನಿನ ಬಾಗಿಲು ತೆರೆದೇ ಇದೆ ಎಂದು ಸಂಘದವರು ವಾದಿಸಬಹುದು. ಹಣ ಹಿಡಿದು ತಿರುಗುವವರ ಸುರಕ್ಷತೆ ಎಂಬ ಕಾರಣವೂ ಸುಳ್ಳಲ್ಲ. ಆದರೆ ರಸೀದಿ ಕೊಟ್ಟ ಕ್ಷಣದಲ್ಲಿ ಮಾತ್ರ ಸ್ಥಳವನ್ನು ದಾಖಲಿಸಿದರೂ ಸುಳ್ಳು ರಸೀದಿಯನ್ನು ಹಿಡಿಯಬಹುದು; ಆಗ ಅವನು ಎಲ್ಲಿ ಚಹಾ ಕುಡಿದ, ಯಾವ ಆಸ್ಪತ್ರೆಗೆ ಹೋದ ಎಂಬುದು ಸಂಘದ ಸರ್ವರಿಗೆ ಬರುವುದಿಲ್ಲ. ನನ್ನ ಆಯ್ಕೆ ಇದು. ದಾಖಲಾದದ್ದನ್ನು ಏಜೆಂಟ್ ತಾನೂ ನೋಡುವಂತಿರಬೇಕು ಎಂಬುದನ್ನು ಅದಕ್ಕೆ ಸೇರಿಸುತ್ತೇನೆ.

ಸಾಲದ ಅರ್ಹತೆ ಅಳೆಯುವ ವಿಷಯ ಇನ್ನೂ ಸೂಕ್ಷ್ಮ. ಪಿಗ್ಮಿ ಕಟ್ಟುವ ನಿಯಮಿತತೆಯನ್ನು ನೋಡಿ ಅಂಕ ಕೊಡುವ ಲೆಕ್ಕವನ್ನು ಆ್ಯಪ್ ಮಾಡಲಿ ಎಂದು ಯಾರಾದರೂ ಸೂಚಿಸಿಯೇ ಸೂಚಿಸುತ್ತಾರೆ. ಹೋಟೆಲು ಕೆಲಸದವರು ವರ್ಷಕ್ಕೊಮ್ಮೆ ಊರಿಗೆ ಹೋಗಿ, ಕೋಲವೋ ಮದುವೆಯೋ ಬೇಸಾಯವೋ ಮುಗಿಸಿಕೊಂಡು ಒಂದೆರಡು ತಿಂಗಳು ಬಿಟ್ಟು ಬರುವುದು ಮುಂಬಯಿ ಕನ್ನಡಿಗರಿಗೆಲ್ಲ ಗೊತ್ತಿರುವ ಸಂಗತಿ. ಲೆಕ್ಕಕ್ಕೆ ಅದು ಗೊತ್ತಿಲ್ಲ. ಅದರ ಕಣ್ಣಿಗೆ ಕಾಣುವುದು ಎರಡು ತಿಂಗಳ ಖಾಲಿ ಸಾಲು. ಪ್ರತಿದಿನ ಗಲ್ಲಾಪೆಟ್ಟಿಗೆಯಿಂದ ಕಟ್ಟುವ ಹೋಟೆಲು ಮಾಲೀಕರಿಗೆ ಹೆಚ್ಚು ಅಂಕ, ಅವರ ಅಡುಗೆಯವರಿಗೆ ಕಡಿಮೆ ಅಂಕ ಬೀಳುತ್ತದೆ. ಹಳೆಯ ಕಾಲದ ಮ್ಯಾನೇಜರ್ ‘ಅವರು ಊರಿಗೆ ಹೋಗಿದ್ದಾರೆ, ಬರುತ್ತಾರೆ’ ಎಂದು ಒಂದು ಮಾತಿನಲ್ಲಿ ಮುಗಿಸುತ್ತಿದ್ದುದನ್ನು ತಂತ್ರಾಂಶದಲ್ಲಿ ಯಾರಾದರೂ ಯೋಚಿಸಿಯೇ ಬರೆಯಬೇಕು. ಅಂಕ ಯಾಕೆ ಕಡಿಮೆಯಾಯಿತೆಂದು ಸದಸ್ಯರಿಗೆ ತಿಳಿಸುವ, ಮನುಷ್ಯರೊಬ್ಬರ ಮುಂದೆ ಮರುಪರಿಶೀಲನೆ ಕೇಳುವ ದಾರಿಯನ್ನೂ ಇಡಬೇಕು.

ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಸ್ಕ್ರೀನ್ ಬಿಡಿಸಿದೆವು ಎಂಬುದು ಕೊನೆಗೆ ಕೋರ್ಟಿನವರೆಗೂ ಹೋಗುತ್ತದೆ. ಡಿಜಿಟಲ್ ಕೆವೈಸಿಯಲ್ಲಿ ಎದುರಿಗಿರುವುದು ಜೀವಂತ ವ್ಯಕ್ತಿಯೇ ಎಂದು ಖಾತ್ರಿ ಮಾಡಿಕೊಳ್ಳಲು ಕಣ್ಣು ಮಿಟುಕಿಸಿ ಎಂದು ಕೇಳುತ್ತಾರಷ್ಟೆ. ಆ್ಯಸಿಡ್ ದಾಳಿಯಲ್ಲಿ ಕಣ್ಣು, ಮುಖ ಸುಟ್ಟುಹೋದವರು ಹೇಗೆ ಮಿಟುಕಿಸಬೇಕು? ಅಂಥ ಸಂತ್ರಸ್ತರು ಮತ್ತು ದೃಷ್ಟಿದೋಷವುಳ್ಳವರು ಹೂಡಿದ ಅರ್ಜಿಗಳ ಮೇಲೆ 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆಗಳನ್ನು ಬಳಸುವ ಅವಕಾಶವು ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಹೇಳಿ, ಕೆವೈಸಿ ವಿಧಾನಗಳನ್ನು ಎಲ್ಲರಿಗೂ ಎಟುಕುವಂತೆ ಮಾಡಲು ನಿರ್ದೇಶನಗಳನ್ನು ಕೊಟ್ಟಿತು. ಕಣ್ಣು ಮಿಟುಕಿಸುವ ಪರೀಕ್ಷೆ ಬರೆದವರಿಗೆ ಯಾವ ದುರುದ್ದೇಶವೂ ಇದ್ದಿರಲಾರದು. ಅವರ ಎಣಿಕೆಯೊಳಗೆ ಕೆಲವರು ಬಂದಿರಲಿಲ್ಲ. ಉದ್ದೇಶಪೂರ್ವಕವಾಗಿ ಮಾಡುವ ಮೋಸ ಬೇರೆ. ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ವಿನ್ಯಾಸ ತಂತ್ರಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಹೆಸರಿಸಿ ನಿಷೇಧಿಸಿದೆ. ಮೇಲಿನವರು ಹೇಳಿದರು, ನಾನು ಬರೆದೆ ಎಂಬ ಸಮರ್ಥನೆಯೂ ಎಲ್ಲ ಕಡೆ ನಿಲ್ಲುವುದಿಲ್ಲ: ಕಾರುಗಳ ಹೊಗೆ ಪರೀಕ್ಷೆಯನ್ನು ವಂಚಿಸುವ ತಂತ್ರಾಂಶದ ಪ್ರಕರಣದಲ್ಲಿ ಫೋಕ್ಸ್‌ವ್ಯಾಗನ್ ಎಂಜಿನಿಯರ್ ಜೇಮ್ಸ್ ಲಿಯಾಂಗ್ ಅವರಿಗೆ ಅಮೆರಿಕದ ನ್ಯಾಯಾಲಯ 2017ರಲ್ಲಿ 40 ತಿಂಗಳ ಸೆರೆವಾಸ ವಿಧಿಸಿತು.

ಇದೆಲ್ಲ ದೊಡ್ಡ ಕಂಪನಿಗಳ ಮಾತು, ಐದು ಜನರ ತಂಡಕ್ಕೆ ಇದು ಹೇಗೆ ಸಾಧ್ಯ ಎಂಬ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಸಿದ್ಧ ಪಟ್ಟಿಗಳನ್ನು ಕೊಂಡು ತಂದು ಪ್ರತಿ ಸಾಲಿಗೂ ಟಿಕ್ ಹಾಕುವ ಕೆಲಸ ಸಣ್ಣ ತಂಡವನ್ನು ಸುಸ್ತು ಮಾಡುತ್ತದೆ, ಫಲವೂ ಕಡಿಮೆ. ಭಯದಿಂದ ಎಲ್ಲದಕ್ಕೂ ಸಮ್ಮತಿ ಕೇಳುವ ಆ್ಯಪಿನಲ್ಲಿ ಸದಸ್ಯರು ಓದದೆಯೇ ಎಲ್ಲವನ್ನೂ ಒತ್ತುತ್ತಾರೆ. ಸಣ್ಣ ತಂಡಕ್ಕೆ ಎಲ್ಲಕ್ಕಿಂತ ಅಗ್ಗದ ದಾರಿ ಕಡಿಮೆ ಮಾಹಿತಿ ಪಡೆಯುವುದು. ಪಿಗ್ಮಿ ಸಂಗ್ರಹಕ್ಕೆ ಸದಸ್ಯರ ಆಧಾರ್ ಚಿತ್ರ ಏಜೆಂಟನ ಫೋನಿನಲ್ಲಿ ಬೇಕಿಲ್ಲ. ಇಲ್ಲದಿದ್ದ ಮೇಲೆ ಅದನ್ನು ಕಾಯುವ, ಅಳಿಸುವ, ಸೋರಿದಾಗ ಉತ್ತರಿಸುವ ಕೆಲಸವೂ ಇಲ್ಲ.

ಸೋರಿಕೆಯಾದಾಗಿನ ಗಡಿಯಾರವನ್ನೂ ಒಪ್ಪಂದಕ್ಕೆ ಸಹಿ ಹಾಕುವ ಮುನ್ನವೇ ನೋಡಬೇಕು. ಘಟನೆ ಗಮನಕ್ಕೆ ಬಂದ ಆರು ಗಂಟೆಗಳೊಳಗೆ ಸರ್ಟ್-ಇನ್‌ಗೆ ವರದಿ ಹೋಗಬೇಕು. ಹೊಸ ನಿಯಮಾವಳಿಯ ಪ್ರಕಾರ ದತ್ತಾಂಶ ಸಂರಕ್ಷಣಾ ಮಂಡಳಿಗೂ ಬಾಧಿತ ಸದಸ್ಯರಿಗೂ ತಡಮಾಡದೆ ತಿಳಿಸಬೇಕು, ಮಂಡಳಿಗೆ 72 ಗಂಟೆಗಳೊಳಗೆ ಪೂರ್ಣ ವಿವರ ಕೊಡಬೇಕು. ಶನಿವಾರ ರಾತ್ರಿ ಸೋರಿಕೆ ಕಂಡ ಕಂಪನಿಯು ಸೋಮವಾರ ಕಚೇರಿ ತೆರೆದ ಮೇಲೆ ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿದರೆ ಮೊದಲ ಗಡುವು ಆಗಲೇ ಕಳೆದಿರುತ್ತದೆ. ಆದ್ದರಿಂದ ಸಂಘದ ಆಡಳಿತ ಮಂಡಳಿಯು ದರ ಮತ್ತು ಗಡುವುಗಳ ಜೊತೆಗೆ ಒಪ್ಪಂದದಲ್ಲಿ ಬರೆಸಿಕೊಳ್ಳಬೇಕಾದ ಅಂಶಗಳಿವೆ: ಘಟನೆ ಕಂಡ ಎಷ್ಟು ಗಂಟೆಯೊಳಗೆ ಯಾರು ಯಾರಿಗೆ ತಿಳಿಸಬೇಕು, ಲಾಗ್‌ಗಳು ಯಾರ ಸ್ವಾಧೀನದಲ್ಲಿರುತ್ತವೆ, ಕಂಪನಿಯು ಬೇರೆಯವರ ಯಾವ ಯಾವ ಸೇವೆಗಳನ್ನು ಬಳಸುತ್ತದೆ, ಒಪ್ಪಂದ ಮುಗಿದ ದಿನ ದತ್ತಾಂಶವು ಯಾವ ರೂಪದಲ್ಲಿ ಹಿಂದಿರುಗಬೇಕು ಮತ್ತು ಕಂಪನಿಯ ಬ್ಯಾಕಪ್‌ಗಳಿಂದ ಅದು ಅಳಿಯಿತೆಂದು ಯಾರು ಲಿಖಿತವಾಗಿ ದೃಢೀಕರಿಸಬೇಕು.